ಯಾವ ನೂರಕ್ಕೆ ಎಷ್ಟು?

(ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಉಳಿದದ್ದು ಹೆಚ್ಚು ಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಮೆಟ್ಟಿಲ ಹತ್ತಿರ ಒಬ್ಬ ಹಿರಿಯರು ನನ್ನನ್ನು ನಿಲ್ಲಿಸಿದರು. "ನೀವೇನಾ ಲ್ಯಾಬ್ ಮೇಡಂ?" ಎಂದು ಕೇಳಿದರು. ಹೌದು ಎಂದೆ. "ನನ್ನದೊಂದು ತಕರಾರಿದೆ. 2020ರಲ್ಲಿ ಹರ್ನಿಯಾ ಆಪರೇಷನ್ನಿಗೆ ಅಂತ ಆಸ್ಪತ್ರೆಗೆ ಹೋದೆ. ಮೂಗಿಗೆ ಕಡ್ಡಿ ಹಾಕಿದರು. ಮಾರನೇ ದಿನ ಪಾಸಿಟಿವ್ ಅಂದರು. ಒಂದು ಸೀನಿಲ್ಲ, ಕೆಮ್ಮಿಲ್ಲ, ಜ್ವರ ಇಲ್ಲ. ಆಪರೇಷನ್ನೂ ಇಲ್ಲ, ವಾಪಸ್ ಕಳಿಸಿದರು. ಮಹಡಿ ಮೇಲಿನ ರೂಮಿನಲ್ಲಿ ಒಬ್ಬನೇ ಕೂತೆ. ಅದು ಸುಳ್ಳು ರಿಪೋರ್ಟ್ ಅಲ್ವಾ?"

ಅವರು ಈಗ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಸ್ವಲ್ಪ ತಾಳಿ ಸರ್, ನಿಮ್ಮ ವಿಷಯಕ್ಕೇ ಬರುತ್ತೇನೆ. ಇವತ್ತಿನ ಮಾತೇ ಅದು. ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಬಂದವರಲ್ಲಿ, ಏನೂ ಲಕ್ಷಣ ಇಲ್ಲದೆಯೇ ಕೊರೊನಾ ಇದ್ದವರು ಎಷ್ಟು ಜನ?

ಇದಕ್ಕೆ ಒಂದೇ ಉತ್ತರ ಕೊಟ್ಟು ಕೂತುಬಿಡಬಹುದಿತ್ತು. ಆದರೆ ನೂರಕ್ಕೆ 88 ಎನ್ನುವ ಉತ್ತರವೂ ಇದೆ, 14 ಎನ್ನುವುದೂ ಇದೆ, ನೂರಕ್ಕೆ ಒಂದೂ ಇಲ್ಲ ಎನ್ನುವುದೂ ಇದೆ. ಮೂರೂ ನಿಜ. 2020ರಲ್ಲಿ ಟಿವಿಯವರು ದಿನಕ್ಕೊಂದು ಅಂಕಿ ಹೇಳಿ ನಮ್ಮ ತಲೆ ಕೆಡಿಸಿದ್ದು ನೆನಪಿದೆಯಲ್ಲ? ಅವರು ಎಲ್ಲ ಸಲವೂ ಸುಳ್ಳು ಹೇಳುತ್ತಿರಲಿಲ್ಲ. ಯಾವ ನೂರು ಅಂತ ಮಾತ್ರ ಹೇಳುತ್ತಿರಲಿಲ್ಲ.

ಮೊದಲು ನ್ಯೂಯಾರ್ಕಿಗೆ ಹೋಗೋಣ. 2020ರ ಮಾರ್ಚ್ ಕೊನೆ. ಆ ಊರಿನಲ್ಲಿ ಆಗ ಆಂಬುಲೆನ್ಸ್ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಎರಡು ಆಸ್ಪತ್ರೆಗಳ ಹೆರಿಗೆ ವಿಭಾಗದ ವೈದ್ಯರು ಒಂದು ತೀರ್ಮಾನಕ್ಕೆ ಬಂದರು. ಹೆರಿಗೆಗೆ ಬಂದ ಪ್ರತಿಯೊಬ್ಬಳಿಗೂ ಪರೀಕ್ಷೆ ಮಾಡೋಣ, ಜ್ವರ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಎಂದು. ಮಾರ್ಚ್ 22ರಿಂದ ಏಪ್ರಿಲ್ 4ರವರೆಗೆ ಅಲ್ಲಿ 215 ಹೆರಿಗೆಗಳಾದವು. ಅಷ್ಟೂ ಹೆಂಗಸರಲ್ಲಿ ಜ್ವರವೋ ಇನ್ನೊಂದೋ ಲಕ್ಷಣ ಇದ್ದವರು ನಾಲ್ಕೇ ಜನ. ನಾಲ್ವರಿಗೂ ಪಾಸಿಟಿವ್ ಬಂತು. ಅದರಲ್ಲಿ ಆಶ್ಚರ್ಯ ಇಲ್ಲ. ಉಳಿದವರು 211. ಅವರಲ್ಲಿ 210 ಮಂದಿಗೆ ಪರೀಕ್ಷೆ ಆಯಿತು. 29 ಜನಕ್ಕೆ ಪಾಸಿಟಿವ್!

ಸುಮ್ನೆ ಆ ವಾರ್ಡನ್ನು ಕಣ್ಣ ಮುಂದೆ ತಂದುಕೊಳ್ಳಿ. ನೋವು ತಿನ್ನುತ್ತಿರುವ ಹೆಂಗಸು. ಪಕ್ಕದಲ್ಲಿ ಬೆನ್ನು ನೀವುವ ನರ್ಸ್. ಉಸಿರು ಎಳೆದುಕೋ, ಬಿಡು ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿಕೊಡುವ ವೈದ್ಯೆ. ಇನ್ನೊಬ್ಬರ ಉಸಿರಿಗೆ ಇಷ್ಟು ಹತ್ತಿರ ನಿಂತು, ಇಷ್ಟು ಹೊತ್ತು ಮಾಡುವ ಕೆಲಸ ಜಾಸ್ತಿ ಇಲ್ಲ. ಲಕ್ಷಣ ಇದ್ದವರನ್ನು ಮಾತ್ರ ನೋಡಿಕೊಂಡಿದ್ದರೆ ನಾಲ್ಕು ಜನ ಸಿಗುತ್ತಿದ್ದರು. ಇದ್ದದ್ದು 33.

ಈಗ ಲೆಕ್ಕ ನೋಡಿ. ಲಕ್ಷಣ ಇಲ್ಲದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಎಣಿಸಿದರೆ ನೂರಕ್ಕೆ ಸುಮಾರು 14 ಜನ ಪಾಸಿಟಿವ್. ಪಾಸಿಟಿವ್ ಬಂದ 33 ಜನರನ್ನು ಸಾಲಾಗಿ ನಿಲ್ಲಿಸಿ ಎಣಿಸಿದರೆ 29 ಮಂದಿಗೆ ಲಕ್ಷಣ ಇಲ್ಲ. ಅಂದರೆ ನೂರಕ್ಕೆ 88. ಎರಡೂ ಅದೇ ವಾರ್ಡು, ಅದೇ ಹದಿನಾಲ್ಕು ದಿನ, ಅದೇ 29 ಜನ. ಸಾಲು ಬೇರೆ, ಅಷ್ಟೇ. ಆದರೆ 88 ಎಂಬ ಅಂಕಿ ಹೊರಗೆ ಬಂದ ಮೇಲೆ ಅದನ್ನು ಓದಿದವರು ಏನೆಂದುಕೊಂಡರು? ಆಸ್ಪತ್ರೆಗೆ ಹೋದ ನೂರು ಜನರಲ್ಲಿ 88 ಜನಕ್ಕೆ ಸದ್ದಿಲ್ಲದೆ ಕೊರೊನಾ ಇದೆ ಎಂದುಕೊಂಡರು. ನಮ್ಮ ಬಂಧುಗಳೊಬ್ಬರು ನನಗೆ ಹಾಗೇ ಫೋನ್ ಮಾಡಿ ಹೇಳಿದ್ದರು. ಅವರ ತಪ್ಪಲ್ಲ.

ಇಲ್ಲಿ ಒಂದು ಹಳೆಯ ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮೇರಿ ಮ್ಯಾಲನ್ ಎಂಬ ಅಡುಗೆಯವಳ ಹೆಸರು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಟೈಫಾಯಿಡ್ ಮೇರಿ. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ದುಡಿಯಲು ಬಂದವಳು. ಗಟ್ಟಿಮುಟ್ಟಾಗಿದ್ದಳು. ಅವಳು ಅಡುಗೆ ಮಾಡಿದ ಹೆಚ್ಚಿನ ಮನೆಗಳಲ್ಲಿ ಟೈಫಾಯಿಡ್. 1907ರಲ್ಲಿ ಅವಳನ್ನು ಹಿಡಿದು ನ್ಯೂಯಾರ್ಕಿನ ಒಂದು ದ್ವೀಪದಲ್ಲಿ ಇಟ್ಟರು. ಇನ್ನು ಅಡುಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. 1915ರಲ್ಲಿ ಅದೇ ಊರಿನ ಸ್ಲೋನ್ ಹೆರಿಗೆ ಆಸ್ಪತ್ರೆಯಲ್ಲಿ 25 ಜನಕ್ಕೆ ಟೈಫಾಯಿಡ್ ಬಂತು. ಇಬ್ಬರು ತೀರಿಕೊಂಡರು. ಅಡುಗೆಮನೆಗೆ ಹೋಗಿ ನೋಡಿದರೆ, ಬ್ರೌನ್ ಎಂದು ಹೆಸರು ಬದಲಿಸಿಕೊಂಡು ಮೇರಿಯೇ ಸೌಟು ಹಿಡಿದು ನಿಂತಿದ್ದಳು. ಮತ್ತೆ ದ್ವೀಪ. 1938ರಲ್ಲಿ ಸಾಯುವವರೆಗೂ ಅಲ್ಲೇ.

ಆ ಸ್ಲೋನ್ ಆಸ್ಪತ್ರೆ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೇ ಸೇರಿದ್ದು. 105 ವರ್ಷದ ನಂತರ 215 ಹೆರಿಗೆಗಳ ಲೆಕ್ಕ ಇಟ್ಟಿದ್ದೂ ಅದೇ ವಿಶ್ವವಿದ್ಯಾಲಯದ ಹೆರಿಗೆ ವೈದ್ಯರು. ಇದು ಕಾಕತಾಳೀಯ, ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಮೊದಲ ಸಲ ಗೊತ್ತಾದಾಗ ನನಗೆ ಮೈ ಜುಮ್ಮೆಂದಿತ್ತು. ಮೇರಿ ಸಾಯುವ ತನಕ ಒಂದೇ ಮಾತು ಹೇಳಿದಳು: ನನಗೆ ಏನೂ ಆಗಿಲ್ಲ. ನಮ್ಮ ಮೂರನೇ ಸಾಲಿನ ಹಿರಿಯರ ಹಾಗೇ. (ಅವರು ನಕ್ಕರು, ಕೋಪ ಮಾಡಿಕೊಳ್ಳಲಿಲ್ಲ.)

ಸರಿ. ನ್ಯೂಯಾರ್ಕಿನಿಂದ ಈಶಾನ್ಯಕ್ಕೆ, ಹೆಚ್ಚು ಕಡಿಮೆ ಬೆಂಗಳೂರಿಂದ ಮೈಸೂರಿಗೆ ಇರುವಷ್ಟು ದೂರದಲ್ಲಿ, ಯೇಲ್ ವಿಶ್ವವಿದ್ಯಾಲಯ ಇರುವ ನ್ಯೂ ಹೇವನ್ ಇದೆ. ಅಲ್ಲಿನ ಆಸ್ಪತ್ರೆಗಳಲ್ಲೂ 2020ರ ಏಪ್ರಿಲ್‌ನಲ್ಲಿ ಹೆರಿಗೆಗೆ ಬಂದವರನ್ನೆಲ್ಲ ಪರೀಕ್ಷೆ ಮಾಡಿದರು. 770 ಹೆಂಗಸರು. 30 ಜನಕ್ಕೆ ಪಾಸಿಟಿವ್. ಅದರಲ್ಲಿ 22 ಜನಕ್ಕೆ ಲಕ್ಷಣ ಇರಲಿಲ್ಲ. ಈಗ ಎರಡೂ ಸಾಲು ಎಣಿಸಿ. ಪಾಸಿಟಿವ್ ಬಂದವರ ಸಾಲಿನಲ್ಲಿ ನೂರಕ್ಕೆ 73. ನ್ಯೂಯಾರ್ಕಿನ 88ಕ್ಕೆ ಇದು ಅಷ್ಟೇನೂ ದೂರ ಇಲ್ಲ. ಆದರೆ ಲಕ್ಷಣ ಇಲ್ಲದ ಹೆಂಗಸರ ಸಾಲಿನಲ್ಲಿ? 756 ಜನರಲ್ಲಿ 22, ಅಂದರೆ ನೂರಕ್ಕೆ 3 ಕೂಡ ಇಲ್ಲ. ಅಲ್ಲಿ 14, ಇಲ್ಲಿ 3.

ಇನ್ನೊಂದು ನೋಡಿ. ಅದೇ ಕಾಲದಲ್ಲಿ ಅಮೆರಿಕದ 28 ಮಕ್ಕಳ ಆಸ್ಪತ್ರೆಗಳು ತಮ್ಮ ಲೆಕ್ಕ ಒಟ್ಟು ಹಾಕಿದವು. ಮೂಳೆ ಮುರಿದೋ, ಆಪರೇಷನ್ನಿಗೋ, ಬೇರೆ ಯಾವುದಕ್ಕೋ ಬಂದ, ಕೊರೊನಾ ಲಕ್ಷಣ ಇಲ್ಲದ 33,041 ಮಕ್ಕಳು. ಪಾಸಿಟಿವ್ ಬಂದವರು 250. ನೂರಕ್ಕೆ ಒಂದೂ ಇಲ್ಲ.

ಯಾಕೆ ಹೀಗೆ? ಆ ಮಕ್ಕಳ ಅಧ್ಯಯನದವರೇ ಒಂದು ಕೆಲಸ ಮಾಡಿದರು. ಪ್ರತಿ ಆಸ್ಪತ್ರೆಯ ಅಂಕಿಯ ಪಕ್ಕದಲ್ಲಿ, ಆ ಊರಿನಲ್ಲಿ ಆ ವಾರ ಎಷ್ಟು ಕೇಸ್ ಇದ್ದವು ಎಂದು ಬರೆದು ನೋಡಿದರು. ಎರಡೂ ಜೊತೆಜೊತೆಯಾಗೇ ಏರುತ್ತಿದ್ದವು, ಇಳಿಯುತ್ತಿದ್ದವು. ಅಂದರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದವರಲ್ಲಿ ಲಕ್ಷಣ ಇಲ್ಲದ ಸೋಂಕು ಎಷ್ಟಿದೆ ಎನ್ನುವುದು, ಮುಖ್ಯವಾಗಿ ಆಸ್ಪತ್ರೆಯ ಹೊರಗೆ ಸಂತೆಯಲ್ಲಿ ಎಷ್ಟಿದೆ ಎನ್ನುವುದರ ಮೇಲೆ ನಿಂತಿದೆ. ಕೆರೆ ತುಂಬಿದರೆ ಬಾವಿಯ ನೀರೂ ಮೇಲೆ ಬರುತ್ತದಲ್ಲ, ಹಾಗೆ. ಬಾವಿ ನೋಡಿ ಕೆರೆಯ ಲೆಕ್ಕ ಹೇಳಬಹುದು. ಒಂದೂರಿನ ಬಾವಿ ನೋಡಿ ಇನ್ನೊಂದೂರಿನ ಕೆರೆ ಲೆಕ್ಕ ಹೇಳಬಾರದು.

ಅದಕ್ಕೆ ಬಸುರಿಯರ ಲೆಕ್ಕ ಅಷ್ಟು ಬೆಲೆಯದು. ಆ ದಿನಗಳಲ್ಲಿ ಜನ ಆಸ್ಪತ್ರೆ ಕಡೆ ತಲೆ ಹಾಕಲು ಹೆದರುತ್ತಿದ್ದರು. ಎದೆನೋವು ಬಂದವರೂ ಗ್ಯಾಸ್ಟ್ರಿಕ್ ಇರಬೇಕು ಎಂದು ಜೀರಿಗೆ ನೀರು ಕುಡಿದು ಮನೆಯಲ್ಲೇ ಉಳಿದರು. ಹಾಗಾಗಿ ಆಗ ಆಸ್ಪತ್ರೆಯಲ್ಲಿ ಇದ್ದವರು ಊರಿನ ಸರಿಯಾದ ಮಾದರಿ ಆಗಿರಲಿಲ್ಲ. ಹೆರಿಗೆ ಮಾತ್ರ ಯಾರಿಗೂ ಹೆದರುವುದಿಲ್ಲ, ಮುಂದಕ್ಕೆ ಹಾಕಲೂ ಆಗುವುದಿಲ್ಲ. ಒಂಬತ್ತು ತಿಂಗಳ ಹಿಂದೆಯೇ ಬರೆದಿಟ್ಟ ತಾರೀಖು. ಕಾಯಿಲೆ ಇದ್ದವರು ಇಲ್ಲದವರು ಎಲ್ಲರೂ ಬರಲೇಬೇಕು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ 2020ರ ಏಪ್ರಿಲ್‌ನಲ್ಲಿ ಇದನ್ನೇ ಹೇಳಿತು. ಕಂಟೈನ್ಮೆಂಟ್ ಪ್ರದೇಶದಲ್ಲಿರುವ ಬಸುರಿಯರಲ್ಲಿ, ಐದು ದಿನದೊಳಗೆ ಹೆರಿಗೆ ಆಗುವಂತಿದ್ದರೆ, ಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಮಾಡಿ ಎಂದಿತು. ಆ ಐದು ದಿನದ ಲೆಕ್ಕ ಲ್ಯಾಬಿನಲ್ಲಿ ಕೂತ ನಮಗೆ ಚೆನ್ನಾಗಿ ನೆನಪಿದೆ. ಕೂಸು ಆದೇಶ ಓದಿಕೊಂಡು ಹುಟ್ಟುವುದಿಲ್ಲ. ರಿಪೋರ್ಟ್ ಬರುವ ಮೊದಲೇ ಹೆರಿಗೆ ಆಗಿಬಿಡುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತಿತ್ತು, "ಮೇಡಂ, ಆ ಸ್ಯಾಂಪಲ್ ಏನಾಯ್ತು, ಇಲ್ಲಿ ತಲೆ ಕಾಣ್ತಾ ಇದೆ" ಎಂದು.

ಇನ್ನು ಹಿರಿಯರ ಹರ್ನಿಯಾಕ್ಕೆ ಬರೋಣ. ಲಕ್ಷಣ ಇಲ್ಲ, ಪಾಸಿಟಿವ್ ಬಂದಿದೆ. ಹೀಗೆ ಬಂದವರೆಲ್ಲ ಒಂದೇ ಜಾತಿಯವರಲ್ಲ. ಆ ಒಂದೇ ಚೀಟಿಯ ಕೆಳಗೆ ನಾಲ್ಕು ಬಗೆಯ ಜನ ಇರುತ್ತಾರೆ.

ಒಬ್ಬರಿಗೆ ಕಾಯಿಲೆ ಇನ್ನೂ ಬರುವುದರಲ್ಲಿದೆ. ವೈರಸ್ ಒಳಗೆ ಹೋಗಿದೆ, ಜ್ವರ ನಾಳೆ ನಾಡಿದ್ದು ಬರುತ್ತದೆ. ಇನ್ನೊಬ್ಬರಿಗೆ ಬಂದು ಹೋಗಿದೆ. ಮೂರು ವಾರದ ಹಿಂದೆ ಒಂದು ದಿನ ಮೈಕೈ ನೋವು ಬಂದಿತ್ತು, ಗದ್ದೆ ಕೆಲಸದ ದಣಿವು ಎಂದುಕೊಂಡು ಮರೆತಿದ್ದಾರೆ. ಆರ್‌ಟಿ-ಪಿಸಿಆರ್ ಎನ್ನುವುದು ವೈರಸ್ಸಿನ ಆರ್‌ಎನ್‌ಎ ಚೂರನ್ನು ಹುಡುಕುವ ಪರೀಕ್ಷೆ. ವೈರಸ್ ಸತ್ತು ಎಷ್ಟೋ ವಾರ ಆದರೂ ಚೂರು ಉಳಿದಿರುತ್ತದೆ. ಹಬ್ಬದ ಊಟ ಮುಗಿದು ಜನ ಎದ್ದು ಹೋದ ಮೇಲೂ ಎಲೆ ಬಿದ್ದಿರುತ್ತದಲ್ಲ, ಹಾಗೆ. ಅದಕ್ಕೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಒಮ್ಮೆ ಸೋಂಕು ಆದವರಿಗೆ ಲಕ್ಷಣ ಇಲ್ಲದಿದ್ದರೆ 90 ದಿನದೊಳಗೆ ಮತ್ತೆ ಪರೀಕ್ಷೆ ಮಾಡಬೇಡಿ ಎಂದು ಹೇಳಿತ್ತು. ಮೂರನೆಯವರಿಗೆ ಸೋಂಕು ಆಗಿದೆ, ಆದರೆ ಮೊದಲಿಂದ ಕೊನೆವರೆಗೂ ಏನೂ ಆಗುವುದಿಲ್ಲ. ನಿಜವಾಗಿ ಲಕ್ಷಣ ಇಲ್ಲದವರು ಎಂದರೆ ಇವರೊಬ್ಬರೇ. ನಾಲ್ಕನೆಯವರಿಗೆ ಸೋಂಕೇ ಇಲ್ಲ, ಪರೀಕ್ಷೆಯ ತಪ್ಪು.

ನಾಲ್ಕನೆಯವರ ಬಗ್ಗೆ ಲ್ಯಾಬಿನವಳಾಗಿ ನಾನೇ ಹೇಳಬೇಕು. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಸೋಂಕಿಲ್ಲದ ಸಾವಿರ ಜನರಲ್ಲಿ ಐದು ಜನಕ್ಕೆ ನಮ್ಮ ಪರೀಕ್ಷೆ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಬಹಳ ಒಳ್ಳೆಯ ಪರೀಕ್ಷೆಯೇ ಅದು. ಊರಲ್ಲಿ ಸೋಂಕು ತುಂಬಿ ತುಳುಕುವಾಗ, ಸಾವಿರದಲ್ಲಿ 140 ಜನಕ್ಕೆ ನಿಜವಾಗಿ ಇದ್ದರೆ, ಆ ನಾಲ್ಕೈದು ತಪ್ಪು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದೇ ಸೋಂಕು ಇಳಿದು ಸಾವಿರದಲ್ಲಿ ಇಬ್ಬರಿಗೆ ಮಾತ್ರ ಇದ್ದರೆ? ಆಗ ಪಾಸಿಟಿವ್ ಬಂದ ಏಳು ಜನರಲ್ಲಿ ಐದು ಸುಳ್ಳು. ಯಂತ್ರ ಅದೇ, ಕಡ್ಡಿ ಅದೇ, ನಾನೂ ಅದೇ. ಕೆರೆಯ ನೀರು ಇಳಿದಿದೆ, ಅಷ್ಟೇ.

ಮೊದಲನೆಯವರ ಬಗ್ಗೆ, ಅಂದರೆ ಇನ್ನೂ ಬರಬೇಕಾದವರ ಬಗ್ಗೆ, ಅಮೆರಿಕದ ವಾಷಿಂಗ್ಟನ್ ರಾಜ್ಯದಿಂದ ಒಂದು ಅಧ್ಯಯನ ಬಂತು. ಸಿಯಾಟಲ್ ಇರುವ ಕಿಂಗ್ ಕೌಂಟಿಯ ಒಂದು ವೃದ್ಧರ ಶುಶ್ರೂಷಾ ಕೇಂದ್ರ. 2020ರ ಮಾರ್ಚ್‌ನಲ್ಲಿ 76 ಮಂದಿಗೆ ಪರೀಕ್ಷೆ ಮಾಡಿದರು, 48 ಜನಕ್ಕೆ ಪಾಸಿಟಿವ್. ಪರೀಕ್ಷೆಯ ದಿನ ಅವರಲ್ಲಿ 27 ಜನಕ್ಕೆ ಲಕ್ಷಣ ಇರಲಿಲ್ಲ. ಅರ್ಧಕ್ಕಿಂತ ಜಾಸ್ತಿ! ಅಲ್ಲಿಗೇ ನಿಲ್ಲಿಸಿ ಪತ್ರಿಕೆಗೆ ಕೊಟ್ಟಿದ್ದರೆ ತಲೆಬರಹ ಸಿದ್ಧವಾಗಿತ್ತು. ಅವರು ಕಾದರು. ಆ 27 ಜನರಲ್ಲಿ 24 ಮಂದಿಗೆ ಆಮೇಲೆ ಲಕ್ಷಣ ಬಂತು. ಹೆಚ್ಚಿನವರಿಗೆ ನಾಲ್ಕು ದಿನದ ಆಸುಪಾಸಿನಲ್ಲಿ. ಕೊನೆಗೂ ಏನೂ ಆಗದೆ ಉಳಿದವರು ಮೂವರು. 48ರಲ್ಲಿ 27 ಇದ್ದದ್ದು 48ರಲ್ಲಿ 3 ಆಯಿತು. ವಯಸ್ಸಾದವರಲ್ಲಿ ಲಕ್ಷಣ ಬರುವುದೇ ಜಾಸ್ತಿ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ, ಕಾದು ನೋಡಿದರು.

ನ್ಯೂಯಾರ್ಕಿನ ತಾಯಂದಿರನ್ನು ಹಾಗೆ ಕಾದು ನೋಡಲು ಆಗಲಿಲ್ಲ. ಅವರು ಸರಾಸರಿ ಎರಡು ದಿನ ಇದ್ದು ಮನೆಗೆ ಹೋದರು. ಅಷ್ಟರಲ್ಲೇ 29 ಜನರಲ್ಲಿ ಮೂವರಿಗೆ ಜ್ವರ ಬಂತು. ಅದರಲ್ಲಿ ಇಬ್ಬರದು ಬಾಣಂತಿಯರಿಗೆ ಬರುವ ಗರ್ಭಕೋಶದ ಸೋಂಕಿನ ಜ್ವರ ಇರಬೇಕು ಎಂದು ವೈದ್ಯರು ಅಂದುಕೊಂಡರು. ಉಳಿದವರಿಗೆ ಮನೆಗೆ ಹೋದ ಮೇಲೆ ಏನಾಯಿತು ಎನ್ನುವುದು ಆ 88ರ ಒಳಗೆ ಇಲ್ಲ.

ಲಕ್ಷಣ ಇಲ್ಲ ಎಂದು ಹೇಳುವುದು ಯಾರು, ಬರೆದುಕೊಳ್ಳುವುದು ಯಾರು, ಇದೂ ಮುಖ್ಯ. 2020ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರದ ಒಂದು ಕಂಪನಿಗೆ ಶಾಂಘೈನಿಂದ ಒಬ್ಬ ಮಹಿಳೆ ಮೀಟಿಂಗಿಗೆ ಬಂದು ಹೋದರು. ಅಲ್ಲಿನ ನೌಕರರಿಗೆ ಸೋಂಕು ಹತ್ತಿತು. ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಜನವರಿ 30ಕ್ಕೆ ವರದಿ ಬಂತು: ಜರ್ಮನಿಯಲ್ಲಿ ಇದ್ದಷ್ಟು ದಿನ ಆಕೆಗೆ ಯಾವ ಲಕ್ಷಣವೂ ಇರಲಿಲ್ಲ, ಆದರೂ ಹರಡಿದ್ದಾರೆ ಎಂದು. ಪ್ರಪಂಚವೇ ಬೆಚ್ಚಿತು. ಆಮೇಲೆ ನೋಡಿದರೆ, ಬರೆದವರು ಆ ಮಹಿಳೆಯ ಹತ್ತಿರ ಮಾತೇ ಆಡಿರಲಿಲ್ಲ. ಆಕೆಯ ಜರ್ಮನ್ ಸಹೋದ್ಯೋಗಿಗಳನ್ನು ಕೇಳಿದ್ದರು. ಜರ್ಮನಿಯ ಆರೋಗ್ಯ ಸಂಸ್ಥೆಯವರು ಫೋನ್ ಮಾಡಿ ಕೇಳಿದಾಗ, ಸುಸ್ತಿತ್ತು, ಮೈಕೈ ನೋವಿತ್ತು, ಜ್ವರದ ಮಾತ್ರೆ ತಗೊಂಡಿದ್ದೆ ಎಂದರು. ಲಕ್ಷಣ ಬರುವ ಮೊದಲೂ ಸೋಂಕು ಹರಡುತ್ತದೆ ಎನ್ನುವುದು ಮುಂದೆ ಬೇರೆ ಅಧ್ಯಯನಗಳಿಂದ ಗಟ್ಟಿಯಾಯಿತು. ಆದರೆ ಈ ಒಂದು ಕೇಸು ಆ ಮಾತಿಗೆ ಸಾಕ್ಷಿ ಆಗಿರಲಿಲ್ಲ.

ಇದರ ಎದುರಿಗೆ ಲಂಡನ್ನಿನ ಪ್ರಯೋಗ ಇಟ್ಟು ನೋಡಿ. 2021ರಲ್ಲಿ ಅಲ್ಲಿ 18ರಿಂದ 29 ವರ್ಷದ ಆರೋಗ್ಯವಂತ ಯುವಕ ಯುವತಿಯರು 36 ಮಂದಿ ತಾವಾಗಿ ಮುಂದೆ ಬಂದರು. ಅವರ ಮೂಗಿಗೆ ಬೇಕೆಂತಲೇ ವೈರಸ್ ಹನಿ ಬಿಟ್ಟರು. ಧೈರ್ಯ ಮೆಚ್ಚಬೇಕು. 18 ಜನಕ್ಕೆ ಸೋಂಕು ಆಯಿತು. ಅವರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ದಿನಾ ವಿಚಾರಿಸಿ, ಮೂಗು ಕಟ್ಟಿದೆಯೇ, ಗಂಟಲು ಕೆರೆಯುತ್ತಿದೆಯೇ ಎಂದು ಬರೆದುಕೊಂಡರು. 16 ಜನಕ್ಕೆ ಏನಾದರೊಂದು ಲಕ್ಷಣ ಇತ್ತು. ಏನೂ ಇಲ್ಲದವರು ಇಬ್ಬರೇ. ಇಷ್ಟು ಚಿಕ್ಕ ವಯಸ್ಸಿನವರಲ್ಲಿ ಲಕ್ಷಣ ಇಲ್ಲದವರು ಇನ್ನೂ ಜಾಸ್ತಿ ಇರಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ಹೊರಗೆ ಓಡಾಡಿಕೊಂಡಿದ್ದರೆ ಆ 16 ಜನರಲ್ಲಿ ಎಷ್ಟೋ ಮಂದಿ "ನನಗೇನಿಲ್ಲ" ಎನ್ನುತ್ತಿದ್ದರು ಎಂದು ನನ್ನ ಅನುಮಾನ. ಇನ್ನೊಂದು ವಿಷಯ: ಮೂಗು ಗಂಟಲಿನಲ್ಲಿ ಎಷ್ಟು ವೈರಸ್ ಇತ್ತು ಎನ್ನುವುದಕ್ಕೂ, ಲಕ್ಷಣ ಎಷ್ಟು ಜೋರಾಗಿತ್ತು ಎನ್ನುವುದಕ್ಕೂ ಸಂಬಂಧ ಕಾಣಲಿಲ್ಲ.

ಈಗ ನಮ್ಮ ಕಡೆ. 2020ರ ಜನವರಿ 22ರಿಂದ ಏಪ್ರಿಲ್ 30ರವರೆಗೆ ದೇಶದಲ್ಲಿ ಪಾಸಿಟಿವ್ ಬಂದ 40,184 ಜನರ ಲೆಕ್ಕ ಐಸಿಎಂಆರ್ ಕೊಟ್ಟಿತು. ಅದರಲ್ಲಿ ನೂರಕ್ಕೆ 28 ಜನಕ್ಕೆ ಲಕ್ಷಣ ಇರಲಿಲ್ಲ. ಆದರೆ ಆಗ ಟಿವಿಯಲ್ಲಿ ಕೇಳುತ್ತಿದ್ದದ್ದು ನೂರಕ್ಕೆ 80. ಲಕ್ಷಣವೇ ಇಲ್ಲದವರನ್ನೂ, ಸ್ವಲ್ಪ ನೆಗಡಿ ಆಗಿ ಮನೆಯಲ್ಲೇ ವಾಸಿಯಾದವರನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದ್ದೇ ಇಂಥ 80ರ ಗುಟ್ಟು. ತುಮಕೂರು ರಸ್ತೆಯ ದೊಡ್ಡ ಪ್ರದರ್ಶನ ಕೇಂದ್ರದಲ್ಲಿ 10,100 ಹಾಸಿಗೆಯ ಕೇರ್ ಸೆಂಟರ್‌ಗೆ ತಯಾರಿ ಮಾಡಿದ್ದು ನೆನಪಿದೆಯೇ? ಅದು ಇಂಥವರಿಗಾಗಿಯೇ, ಲಕ್ಷಣ ಇಲ್ಲದವರಿಗೆ ಮತ್ತು ಸ್ವಲ್ಪ ಇದ್ದವರಿಗೆ. ಮನೆಯಲ್ಲೇ ಇರಬಹುದು ಎಂದು ಸರಕಾರ ಒಪ್ಪಿದ ಮೇಲೆ ಅಲ್ಲಿಗೆ ಹೋಗುವವರು ಕಡಿಮೆಯಾದರು. ಸೆಪ್ಟೆಂಬರ್ ಮಧ್ಯಕ್ಕೆ ಮುಚ್ಚಿದರು. ಮಂಚ, ಹಾಸಿಗೆಗಳನ್ನು ಹಾಸ್ಟೆಲುಗಳಿಗೆ, ಆಸ್ಪತ್ರೆಗಳಿಗೆ ಹಂಚಿದರು.

ಆ ಸೆಪ್ಟೆಂಬರ್‌ನಲ್ಲೇ ನಮ್ಮ ರಾಜ್ಯದಲ್ಲಿ ಒಂದು ದೊಡ್ಡ ಸಮೀಕ್ಷೆ ಆಯಿತು. 3ರಿಂದ 16ನೇ ತಾರೀಖಿನವರೆಗೆ, ಎಲ್ಲ ಜಿಲ್ಲೆಗಳಲ್ಲಿ, ಹದಿನಾರು ಸಾವಿರಕ್ಕೂ ಜಾಸ್ತಿ ಜನ. ರಕ್ತ ತೆಗೆದು ಹಳೆಯ ಸೋಂಕಿನ ಗುರುತು ನೋಡಿದರು, ಗಂಟಲು ದ್ರವ ತೆಗೆದು ಈಗಿನ ಸೋಂಕು ನೋಡಿದರು. ಅಷ್ಟು ಜನರನ್ನು ಎಲ್ಲಿ ಹಿಡಿದರು ಗೊತ್ತಾ? ಬಸ್ ಕಂಡಕ್ಟರ್, ತರಕಾರಿ ಮಾರುವವರು, ಪೌರಕಾರ್ಮಿಕರು ಇದ್ದರು. ಜೊತೆಗೆ ಆಸ್ಪತ್ರೆಯಲ್ಲಿ ತಪಾಸಣೆಗೆ ಬಂದ ಬಸುರಿಯರು, ಓಪಿಡಿಗೆ ರೋಗಿಗಳ ಜೊತೆ ಬಂದವರು. ಮತ್ತೆ ಬಸುರಿಯರೇ! ಕೆರೆ ಅಳೆಯಲು ಬಾವಿ. ಫಲಿತಾಂಶ: ನೂರಕ್ಕೆ 27 ಜನಕ್ಕೆ ಆಗಲೇ ಸೋಂಕು ಬಂದು ಹೋಗಿತ್ತು, ಇಲ್ಲವೇ ಇತ್ತು. ರಾಜ್ಯಕ್ಕೆಲ್ಲ ಲೆಕ್ಕ ಹಾಕಿದರೆ 1.93 ಕೋಟಿ ಜನ. ಲೆಕ್ಕಕ್ಕೆ ಸಿಕ್ಕ ಒಬ್ಬರಿಗೆ, ಸಿಗದವರು ಸುಮಾರು 40.

ಇಲ್ಲಿ ಮತ್ತೆ ಎಡವಬಹುದು. ಲೆಕ್ಕಕ್ಕೆ ಸಿಗದ 40 ಜನರೂ ಲಕ್ಷಣ ಇಲ್ಲದವರು ಎಂದು ಹಲವರು ಬರೆದರು. ಅಲ್ಲ. ಅವರು ಪರೀಕ್ಷೆ ಆಗದವರು. ಕಷಾಯ ಕುಡಿದು ಕಂಬಳಿ ಹೊದ್ದು ಮಲಗಿದವರೂ ಅದರಲ್ಲಿದ್ದರು.

ಇಷ್ಟೆಲ್ಲ ಮಾಡಿ ಆಸ್ಪತ್ರೆಯವರು ಹರ್ನಿಯಾದವರನ್ನು ಯಾಕೆ ವಾಪಸ್ ಕಳಿಸಿದರು? ಸುಮ್ನೆ ಹೆದರಿ ಅಲ್ಲ. 2020ರ ಮೇ ತಿಂಗಳಲ್ಲಿ 24 ದೇಶಗಳ 235 ಆಸ್ಪತ್ರೆಗಳ ಲೆಕ್ಕ ಪ್ರಕಟವಾಯಿತು. ಆಪರೇಷನ್ ಆದವರಲ್ಲಿ, ಅದರ ಹಿಂದೆಯೋ ಮುಂದೆಯೋ ಕೊರೊನಾ ಕಂಡುಬಂದ 1,128 ಜನ. ಒಂದು ತಿಂಗಳೊಳಗೆ ಅವರಲ್ಲಿ ನೂರಕ್ಕೆ 24 ಜನ ತೀರಿಕೊಂಡಿದ್ದರು. ಅರ್ಧಕ್ಕರ್ಧ ಜನಕ್ಕೆ ಶ್ವಾಸಕೋಶದ ತೊಂದರೆ ಆಗಿತ್ತು. ಅವರಲ್ಲಿ ಬಹಳ ಮಂದಿ ತುರ್ತು ಆಪರೇಷನ್ನಿನವರು, ಮೊದಲೇ ಸೋತಿದ್ದವರು, ಅದು ನಿಜ. ಆದರೂ ಆ ಕಾಗದ ಓದಿದ ಯಾವ ಸರ್ಜನ್ನೂ, ಕಾಯಬಹುದಾದ ಹರ್ನಿಯಾಕ್ಕೆ ಕತ್ತಿ ಹಿಡಿಯುತ್ತಿರಲಿಲ್ಲ. ಲಸಿಕೆ ಇಲ್ಲದ ಕಾಲ ಅದು. ಹಾಗಾಗಿ ಸರ್, ನಿಮ್ಮ ರಿಪೋರ್ಟ್ ನಾಲ್ಕರಲ್ಲಿ ಯಾವುದಿತ್ತು ಅಂತ ಇವತ್ತು ನಾನು ಹೇಳಲಾರೆ. ಕಳಿಸಿದ್ದು ಮಾತ್ರ ಸರಿಯೇ. (ಅವರು "ಆಮೇಲೆ ಆಯ್ತು ಬಿಡಿ, ಚೆನ್ನಾಗೇ ಆಯ್ತು" ಎಂದರು.)

ಓಮಿಕ್ರಾನ್ ಬಂದಾಗ ಆಟವೇ ಬದಲಾಯಿತು. 2021ರ ಡಿಸೆಂಬರ್ 2. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ. ಸ್ಟೀವ್ ಬೀಕೊ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ 42 ಜನ ಇದ್ದರು. ಅದರಲ್ಲಿ 29 ಜನಕ್ಕೆ ಆಕ್ಸಿಜನ್ನೇ ಬೇಕಿರಲಿಲ್ಲ. ಒಂದು ವರ್ಷದ ಹಿಂದೆ ಕೋವಿಡ್ ವಾರ್ಡ್ ಎಂದರೆ ಸಿಲಿಂಡರ್ ಸದ್ದು. ಈಗ ಗಾಳಿಯಲ್ಲೇ ಉಸಿರಾಡಿಕೊಂಡು ಕೂತಿದ್ದಾರೆ! ಬಹುತೇಕರು ಬೇರೆ ಕಾಯಿಲೆಗೆ ಬಂದವರು, ಬಾಗಿಲಲ್ಲಿ ಮೂಗಿಗೆ ಕಡ್ಡಿ ಹಾಕಿದಾಗ ಸಿಕ್ಕಿಬಿದ್ದವರು. ಮುಂದಿನ ತಿಂಗಳು ನ್ಯೂಯಾರ್ಕ್ ರಾಜ್ಯ ತನ್ನ ಆಸ್ಪತ್ರೆಗಳನ್ನು ಬೇರೆ ಬೇರೆಯಾಗಿ ಲೆಕ್ಕ ಕೊಡಲು ಕೇಳಿತು. ಕೋವಿಡ್‌ಗಾಗಿ ಸೇರಿದವರು ಎಷ್ಟು, ಕೋವಿಡ್ ಜೊತೆಗೆ ಸೇರಿದವರು ಎಷ್ಟು? ಪಾಸಿಟಿವ್ ಇದ್ದ ರೋಗಿಗಳಲ್ಲಿ ನೂರಕ್ಕೆ 40ಕ್ಕೂ ಜಾಸ್ತಿ ಜನ ಬೇರೆ ಕಾರಣಕ್ಕೆ ಬಂದಿದ್ದರು. ನ್ಯೂಯಾರ್ಕ್ ನಗರದಲ್ಲಿ ಅರ್ಧದಷ್ಟು. ನಮ್ಮ ಭಾಷೆಯಲ್ಲಿ ಇದನ್ನು ಎರಡು ಮಾತಿನಲ್ಲಿ ಹೇಳಬಹುದು. "ಕೋವಿಡ್‌ನಿಂದ ಬಂದವರು", "ಕೋವಿಡ್ ಇದ್ದು ಬಂದವರು". ಅಲ್ಲಿಯವರೆಗೆ ಬಹಳ ಕಡೆ ಇದನ್ನು ಬೇರೆ ಮಾಡಿರಲಿಲ್ಲ.

ಹಾಗಂತ "ಇದ್ದು ಬಂದವರು" ಎಂದರೆ ಏನೂ ಆಗಿಲ್ಲ ಎಂದಲ್ಲ. ಸಕ್ಕರೆ ಕಾಯಿಲೆ ಏರುಪೇರಾಗಿ ಬಂದವರಿಗೆ, ಅದನ್ನು ಏರುಪೇರು ಮಾಡಿದ್ದೇ ಕೊರೊನಾ ಇರಬಹುದು.

ಆಮೇಲೆ ಪರೀಕ್ಷೆ ನಿಂತಿತು. ಇಂಗ್ಲೆಂಡಿನ ಆಸ್ಪತ್ರೆಗಳು 2022ರ ಆಗಸ್ಟ್ ಕೊನೆಗೆ ಲಕ್ಷಣ ಇಲ್ಲದವರ ಪರೀಕ್ಷೆಯನ್ನು ಹೆಚ್ಚು ಕಡಿಮೆ ಬಿಟ್ಟವು. ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ಆಸ್ಪತ್ರೆ ಸೋಂಕು ತಜ್ಞರ ಸಂಘ, ಸೇರಿಸಿಕೊಳ್ಳುವಾಗ ಎಲ್ಲರಿಗೂ ಪರೀಕ್ಷೆ ಮಾಡಬೇಕಾಗಿಲ್ಲ ಎಂದಿತು. ಲಕ್ಷಣ ಇಲ್ಲದ ಸೋಂಕು ಇಲ್ಲವಾಯಿತು ಎಂದಲ್ಲ. ರಿಪೋರ್ಟ್‌ಗೆ ಕಾದು ಚಿಕಿತ್ಸೆ ತಡವಾಗುವುದು, ಪಾಸಿಟಿವ್ ಎಂಬ ಚೀಟಿ ಹೊತ್ತವರನ್ನು ಎಲ್ಲರೂ ದೂರ ಇಡುವುದು, ಇವುಗಳ ನಷ್ಟವೇ ಜಾಸ್ತಿ ಎಂದು ಕಂಡಿತು. ನನ್ನ ಕೇಳಿದರೆ, 2020ರಲ್ಲಿ ಶುರು ಮಾಡಿದ್ದೂ ಸರಿ, 2022ರಲ್ಲಿ ಬಿಟ್ಟದ್ದೂ ಸರಿ.

ಕೊನೆಗೆ ಕೆಲವರಿಗೆ ಯಾಕೆ ಏನೂ ಆಗುವುದಿಲ್ಲ ಎನ್ನುವುದು. ವಯಸ್ಸು, ಲಸಿಕೆ, ಮೊದಲೇ ಬಂದು ಹೋದ ಸೋಂಕು ಎಲ್ಲ ಸೇರುತ್ತವೆ. ಹುಟ್ಟಿನಿಂದ ಬಂದದ್ದೂ ಒಂದಿದೆ. 2023ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಿಜ್ಞಾನಿಗಳು ಅದನ್ನು ಪ್ರಕಟಿಸಿದರು. ಅಸ್ಥಿಮಜ್ಜೆ ದಾನಕ್ಕೆ ಹೆಸರು ಕೊಟ್ಟವರ ಪಟ್ಟಿಯಿಂದ, ಲಸಿಕೆ ಇಲ್ಲದೆ ಸೋಂಕು ಆದ 1,428 ಜನರನ್ನು ಹುಡುಕಿದರು. ಅದರಲ್ಲಿ 136 ಜನಕ್ಕೆ ಮಾತ್ರ ಏನೂ ಲಕ್ಷಣ ಆಗಿರಲಿಲ್ಲ. ಅವರಲ್ಲಿ ಐವರಿಗೊಬ್ಬರಲ್ಲಿ ಎಚ್‌ಎಲ್‌ಎ-ಬಿ 15:01 ಎಂಬ ಜೀನ್ ಬಗೆ ಇತ್ತು. ತಂದೆ ತಾಯಿ ಇಬ್ಬರಿಂದಲೂ ಇದನ್ನು ಪಡೆದವರಿಗೆ ಲಕ್ಷಣ ಇಲ್ಲದೆ ದಾಟುವ ಅವಕಾಶ ಎಂಟು ಪಟ್ಟಿಗೂ ಜಾಸ್ತಿ. ಹಿಂದೆ ಎಂದೋ ಬಂದ ಸಾಧಾರಣ ನೆಗಡಿಯ ಕೊರೊನಾ ವೈರಸ್ಸಿನ ನೆನಪು ಅವರ ಟಿ ಕಣಗಳಲ್ಲಿ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ರಕ್ತಕಣಗಳಲ್ಲಿ, ಉಳಿದಿರುತ್ತದೆ. ಹೊಸ ವೈರಸ್ಸಿನ ಒಂದು ತುಣುಕು ಹಳೆಯದನ್ನು ಹೋಲುತ್ತದೆ. ನೋಡಿದ ಕೂಡಲೇ ಗುರುತು ಹಿಡಿದು ಹೊಡೆಯುತ್ತವೆ.

ನಾನು ಇಲ್ಲಿಗೆ ಮುಗಿಸಿ ಕೂತೆ. ಪ್ರಶ್ನೆ ಕೇಳಿ ಎಂದರು. ಹಿಂದಿನ ಸಾಲಿನಲ್ಲಿ ಗುಲಾಬಿ ಸೀರೆ ಉಟ್ಟ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ನಿಂತರು. ಪ್ರಶ್ನೆ ಅಲ್ಲ ಮೇಡಂ, ಹೇಳಬೇಕು ಅನ್ನಿಸಿತು ಎಂದರು.

"ನೀವು ಹೇಳಿದಿರಲ್ಲ, ಲಕ್ಷಣ ಇಲ್ಲ ಅಂತ ಬರೆದುಕೊಳ್ಳೋದು ಯಾರು ಅಂತ. ನಮ್ಮೂರಲ್ಲಿ ಬರೆದುಕೊಂಡವಳು ನಾನೇ. ಮನೆ ಮನೆ ಬಾಗಿಲಿಗೆ ಹೋಗಿ, ಯಾರಿಗಾದರೂ ಕೆಮ್ಮು ಜ್ವರ ಇದೆಯಾ ಅಂತ ಕೇಳ್ತಿದ್ದೆ. ಇದೆ ಅಂದರೆ ಬೀದಿಗೆ ತಗಡು ಹೊಡೀತಿದ್ದರು, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಒಂದು ಮನೇಲಿ ಯಜಮಾನರು ಬಾಗಿಲಿಗೆ ಅಡ್ಡ ನಿಂತು, ನಮ್ಮನೇಲಿ ಯಾರಿಗೂ ಏನಿಲ್ಲಮ್ಮ ಅಂದರು. ಒಳಗಿಂದ ಕೆಮ್ಮು ಕೇಳಿಸ್ತಾ ಇತ್ತು. ಯಾರದು ಅಂದೆ. ಅದು ಟಿವಿ ಅಂದರು."